ರೈಲೋ ಬಸ್ಸೋ? ಮೊದಲು ದಾರಿ

ಕೇಳುಗರೆಲ್ಲರಿಗೂ ನಮಸ್ಕಾರ.

ಹುಬ್ಬಳ್ಳಿ-ಧಾರವಾಡದ ಮಂದಿಗೆ ತ್ವರಿತ ಬಸ್ ಸಾರಿಗೆ ಅಂದರೇನು ಎಂದು ನಾನು ವಿವರಿಸಬೇಕಿಲ್ಲ. 2018ರಿಂದ ನೀವು ಚಿಗರಿ ಬಸ್ಸು ಹತ್ತುತ್ತಿದ್ದೀರಿ. ರಸ್ತೆಯ ನಡುವೆ ಬಸ್ಸಿಗೇ ಮೀಸಲಾದ ದಾರಿ, ಬಸ್ಸಿನ ನೆಲದ ಎತ್ತರಕ್ಕೇ ಕಟ್ಟಿದ ನಿಲ್ದಾಣ, ಹತ್ತುವ ಮೊದಲೇ ಟಿಕೆಟ್. ಲೈಟ್ ರೈಲೂ ಹೆಚ್ಚುಕಡಿಮೆ ಇದೇ. ಟೈರಿನ ಬದಲು ಉಕ್ಕಿನ ಗಾಲಿ, ಡಾಂಬರಿನ ಬದಲು ಹಳಿ, ಮೇಲೆ ವಿದ್ಯುತ್ ತಂತಿ. ಬೋಗಿ ಜೋಡಿಸಿದರೆ ಒಬ್ಬನೇ ಚಾಲಕ ಹಲವು ಬಸ್ಸುಗಳ ಜನರನ್ನು ಒಯ್ಯುತ್ತಾನೆ. ಖರ್ಚು ಮಾತ್ರ ಬಹಳ.

"ಇವೆರಡರಲ್ಲಿ ಯಾವುದು ಒಳ್ಳೆಯದು ಸರ್?" ಹೋದಲ್ಲೆಲ್ಲ ಇದೇ ಪ್ರಶ್ನೆ. ನನ್ನದೂ ಒಂದೇ ಉತ್ತರ: ಗಾಡಿ ಯಾವುದೇ ಇರಲಿ, ಅದಕ್ಕೆ ಸ್ವಂತ ದಾರಿ ಕೊಡಿ.

ದೆಹಲಿಯ ಕಥೆ ಹೇಳುತ್ತೇನೆ, ಕೇಳಿ. 2008ರಲ್ಲಿ ಅಂಬೇಡ್ಕರ್ ನಗರದಿಂದ ಮೂಲಚಂದ್ ತನಕ, ಆರು ಕಿಲೋಮೀಟರಿಗೂ ಕಡಿಮೆ, ಬಸ್ಸಿಗೆ ಪ್ರತ್ಯೇಕ ದಾರಿ ಬಿಟ್ಟರು. ಚಿರಾಗ್ ದಿಲ್ಲಿಯ ಸಿಗ್ನಲ್ಲಿನಲ್ಲಿ ಕಾರುಗಳ ಸಾಲು ಬೆಳೆಯಿತು. ಕಾರಿನಲ್ಲಿ ಕೂತವರು ಪಕ್ಕಕ್ಕೆ ನೋಡಿದರೆ ಬಸ್ಸಿನ ದಾರಿ ಖಾಲಿ! ಅವರಿಗೆ ಸಿಟ್ಟು ಬಂತು. ದಾರಿ ಸುಮ್ಮನೆ ಬಿದ್ದಿದೆ, ನಮಗೂ ಬಿಡಿ ಅಂದರು. ಪತ್ರಿಕೆಗಳಲ್ಲಿ ಗದ್ದಲವಾಯಿತು, ಹೈಕೋರ್ಟಿನಲ್ಲಿ ಅರ್ಜಿ ಬಿತ್ತು. ಆದರೆ ಆ ರಸ್ತೆಯಲ್ಲಿ ಗಾಡಿಗಳನ್ನು ಎಣಿಸಿದರೆ ಕಾರು, ಬೈಕುಗಳೇ ಹೆಚ್ಚು, ಜನರನ್ನು ಎಣಿಸಿದರೆ ಬಸ್ಸಿನವರೇ ಹೆಚ್ಚು. ತುಂಬಿದ ಬಸ್ಸೊಂದು ಅರವತ್ತು ಜನರನ್ನು ಹೊತ್ತು ಕ್ಷಣದಲ್ಲಿ ದಾಟಿಹೋಗುತ್ತದೆ, ಹಿಂದೆ ದಾರಿ ಮತ್ತೆ ಖಾಲಿ. ಅಷ್ಟೇ ಜನ ಕಾರಿನಲ್ಲಿ ಬಂದರೆ ರಸ್ತೆ ತುಂಬಿ ನಿಲ್ಲುತ್ತದೆ. ದಾರಿ ಖಾಲಿ ಕಂಡಿತೆಂದರೆ ಅದು ಕೆಲಸ ಮಾಡುತ್ತಿದೆ ಎಂದೇ ಅರ್ಥ! 2012ರಲ್ಲಿ ಹೈಕೋರ್ಟು ಅರ್ಜಿ ತಳ್ಳಿಹಾಕಿತು. ಅಷ್ಟಾದರೂ ಸಿಟ್ಟು ತಣಿಯಲಿಲ್ಲ, 2016ರಲ್ಲಿ ಆ ದಾರಿಯನ್ನು ಕಿತ್ತುಹಾಕಿದರು. ಇದನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ.

ಕೊಲಂಬಿಯಾದ ಬೊಗೋಟಾದಲ್ಲಿ 2000ದಿಂದ ಓಡುತ್ತಿರುವುದೂ ಬಸ್ಸೇ. ಅಲ್ಲಿ ನಿಲ್ದಾಣದಲ್ಲಿ ಒಂದು ಬಸ್ಸನ್ನು ಇನ್ನೊಂದು ದಾಟಿಹೋಗಲು ಜಾಗವಿದೆ. ಒಂದೇ ದಿಕ್ಕಿನಲ್ಲಿ ಗಂಟೆಗೆ 40,000ಕ್ಕೂ ಹೆಚ್ಚು ಜನ ಸಾಗುತ್ತಾರೆ. ಎಷ್ಟೋ ಲೈಟ್ ರೈಲುಗಳಿಗೆ ಇದು ಸಾಧ್ಯವಾಗಿಲ್ಲ. ಇತ್ತ ಕೋಲ್ಕತ್ತದ ಟ್ರಾಮಿಗೆ ಹಳಿಯೇನೋ ಇತ್ತು, ಆದರೆ ಬಹುಪಾಲು ಕಡೆ ಕಾರು, ಲಾರಿಗಳ ನಡುವೆಯೇ ತೆವಳಿತು.

ಹಾಗಾದರೆ ರೈಲು ಬೇಡವೇ? ಬೇಕು, ಬಸ್ಸು ಸಾಲದಾದಾಗ. ಕೆನಡಾದ ಒಟ್ಟಾವಾದಲ್ಲಿ 1983ರಿಂದ ಬಸ್ಸುಗಳು ಸ್ವಂತ ದಾರಿಯಲ್ಲಿ ಓಡಿದವು. ಜನ ಹೆಚ್ಚಿ, ಪೇಟೆಯ ಬೀದಿಗಳಲ್ಲಿ ಬಸ್ಸಿನ ಹಿಂದೆ ಬಸ್ಸು ನಿಲ್ಲುವಂತಾಯಿತು. ಆಗ ಪೇಟೆಯ ಕೆಳಗೆ ಸುರಂಗ ಕೊರೆದು, ಉಳಿದ ಕಡೆ ಬಹುಪಾಲು ಬಸ್ಸಿನ ದಾರಿಗೇ ಹಳಿ ಹಾಸಿ, 2019ರಲ್ಲಿ ಲೈಟ್ ರೈಲು ಬಿಟ್ಟರು. ದಾರಿಯನ್ನು ಮೊದಲೇ ಕಾಯ್ದುಕೊಂಡಿದ್ದರು, ಅದಕ್ಕೇ ಸಾಧ್ಯವಾಯಿತು.

ಈಗ ಚಿಗರಿಯ ಬದಲು ಬೇರೆ ಗಾಡಿ ತರುವ ಮಾತು ನಮ್ಮಲ್ಲೂ ಕೇಳಿಬರುತ್ತಿದೆ. ತರುವವರು ತರಲಿ. ಆದರೆ ಎರಡೂ ಊರುಗಳ ಒಳಗೆ ಅದು ಆಟೋ, ಬೈಕುಗಳ ಜತೆ ಬೆರೆತು ನಿಲ್ಲುವ ಕಡೆಗಳಲ್ಲಿ ದಾರಿ ಯಾರದು ಎಂಬುದನ್ನು ಮೊದಲು ತೀರ್ಮಾನಿಸಲಿ. ಪಕ್ಕದ ದಾರಿ ಖಾಲಿ ಇದೆಯೆಂದು ಬೈಕು ನುಗ್ಗಿಸುವ ನಮ್ಮ ಹುಡುಗರಿಗೆ ಮನೆಯವರೂ ಒಂದು ಮಾತು ಹೇಳಿ.

ನಮಸ್ಕಾರ.