ಎರಡು ದೋಣಿಯಲ್ಲಿ ಕಾಲು ಅಂತ ಬೈಯ್ಯುವ ಮೊದಲು ಇದನ್ನು ಕೇಳಿ

ನಮಸ್ಕಾರ ಎಲ್ಲರಿಗೂ. ಇವತ್ತು ಬೇರೆ ಏನೋ ಮಾತಾಡಬೇಕು ಅಂತ ಬರೆದಿಟ್ಟುಕೊಂಡಿದ್ದೆ. ಅದು ಪಕ್ಕಕ್ಕಿರಲಿ. ಕಳೆದ ಸಂಚಿಕೆಯ ಕೆಳಗೆ ಒಬ್ಬರು ಒಂದು ಕಾಮೆಂಟ್ ಹಾಕಿದ್ದಾರೆ. ಬೆಳಗ್ಗೆಯಿಂದ ಅದೇ ತಲೆ ಕೊರೆಯುತ್ತಿದೆ. "ಜೋರ್ಡಾನ್ ಎರಡು ದೋಣಿಯಲ್ಲಿ ಕಾಲಿಟ್ಟ ದೇಶ. ಇಸ್ರೇಲ್ ಜೊತೆ ಒಪ್ಪಂದ, ಪ್ಯಾಲೆಸ್ಟೀನಿಯರಿಗೆ ಕಣ್ಣೀರು. ಇಂಥವರಿಂದ ಯಾರಿಗೇನು ಉಪಯೋಗ?" ಅದಕ್ಕೆ ಲೈಕ್ ಒತ್ತಿದವರೂ ಬೇಕಾದಷ್ಟು ಜನ.

ಉಪಯೋಗ ಏನು ಅಂತ ಕೇಳಿದಿರಲ್ಲ, ಹೇಳುತ್ತೇನೆ. ಪೂರ್ತಿ ಕೇಳಿ.

1997ರ ಸೆಪ್ಟೆಂಬರ್ 25. ಜೋರ್ಡಾನಿನ ರಾಜಧಾನಿ ಅಮ್ಮಾನ್. ಪ್ಯಾಲೆಸ್ಟೀನಿಯರ ಸಶಸ್ತ್ರ ಸಂಘಟನೆ ಹಮಾಸ್‌ನ ನಾಯಕ ಖಾಲಿದ್ ಮಶಾಲ್ ತನ್ನ ಕಚೇರಿ ಮುಂದೆ ಕಾರಿನಿಂದ ಇಳಿದಿದ್ದಾನೆ. ಒಬ್ಬ ಹತ್ತಿರ ಬಂದು ಅವನ ಕಿವಿಗೆ ಏನೋ ಸಿಂಪಡಿಸಿ ಓಡುತ್ತಾನೆ. ಗುಂಡಿನ ಸದ್ದಿಲ್ಲ, ಒಂದು ಹನಿ ರಕ್ತವಿಲ್ಲ. ಅಂಗರಕ್ಷಕ ಬೆನ್ನಟ್ಟಿ ಇಬ್ಬರನ್ನು ಹಿಡಿದು ಪೊಲೀಸರಿಗೆ ಕೊಡುತ್ತಾನೆ. ಅವರ ಕೈಯಲ್ಲಿ ಕೆನಡಾ ಪಾಸ್‌ಪೋರ್ಟ್. ಅಸಲಿಗೆ ಅವರು ಇಸ್ರೇಲಿನ ಮೊಸಾದ್ ಗೂಢಚಾರರು. ಕೆಲವೇ ಗಂಟೆಗಳಲ್ಲಿ ಮಶಾಲ್ ಆಸ್ಪತ್ರೆ ಸೇರುತ್ತಾನೆ. ಉಸಿರಾಟವೇ ನಿಂತುಹೋಗುವ ಸ್ಥಿತಿ. ಯಾವ ವಿಷ ಅಂತ ಡಾಕ್ಟರುಗಳಿಗೆ ತಿಳಿಯುತ್ತಿಲ್ಲ.

ಆಗ ದೊರೆ ಹುಸೇನ್ ಏನು ಮಾಡಿದರು? ಅಮೆರಿಕದ ಅಧ್ಯಕ್ಷ ಕ್ಲಿಂಟನ್ ಅವರನ್ನು ಈ ವಿಷಯದ ಮಧ್ಯಕ್ಕೆ ಎಳೆದು ತಂದರು. ಇಸ್ರೇಲಿನ ಪ್ರಧಾನಿ ನೆತನ್ಯಾಹುಗೆ ಖಡಾಖಂಡಿತವಾಗಿ ಹೇಳಿ ಕಳಿಸಿದರು: ಈ ಮನುಷ್ಯ ಸತ್ತರೆ ನಮ್ಮ ಶಾಂತಿ ಒಪ್ಪಂದವೂ ಸತ್ತ ಹಾಗೆ. ವಿಷ ಕೊಟ್ಟವರೇ ವಿಷಕ್ಕೆ ಮದ್ದನ್ನೂ ಕೊಡಬೇಕಾಯಿತು. ಮಶಾಲ್ ಬದುಕಿದ. ಅಷ್ಟಕ್ಕೇ ಮುಗಿಯಲಿಲ್ಲ. ಇಸ್ರೇಲಿನ ಜೈಲಿನಲ್ಲಿದ್ದ ಹಮಾಸ್ ಸ್ಥಾಪಕ ಶೇಖ್ ಅಹ್ಮದ್ ಯಾಸಿನ್ ಬಿಡುಗಡೆಯಾಗಿ ಮೊದಲು ಅಮ್ಮಾನಿಗೆ, ಆಮೇಲೆ ಗಾಜಾಕ್ಕೆ ಬಂದ. ಆ ಗೂಢಚಾರರು ವಾಪಸ್ ಹೋದರು.

ಗಮನಿಸಿ, ಹಮಾಸ್ ಮೇಲೆ ಹುಸೇನ್ ಅವರಿಗೆ ವಿಶೇಷ ಪ್ರೀತಿ ಏನೂ ಇರಲಿಲ್ಲ. ಆದರೂ ಅವರ ಕೈಯಲ್ಲಿ ಎಳೆಯೋಕೆ ಒಂದು ಹಗ್ಗ ಇತ್ತು. 1994ರ ಅಕ್ಟೋಬರ್ 26ರಂದು ಗಡಿಯ ವಾದಿ ಅರಬಾದ ಬಿಸಿಲಿನಲ್ಲಿ ಇಸ್ರೇಲ್ ಜೊತೆ ಸಹಿ ಹಾಕಿದ ಶಾಂತಿ ಒಪ್ಪಂದವೇ ಆ ಹಗ್ಗ. ಕಟ್ಟದೇ ಇರುವ ಹಗ್ಗವನ್ನು ಎಳೆಯುವುದು ಹೇಗೆ ಸ್ವಾಮಿ? ಒಪ್ಪಂದ ಇಲ್ಲದ ದೇಶ ಅವತ್ತು ಏನು ಮಾಡಬಹುದಿತ್ತು? ಒಂದು ಖಂಡನಾ ಹೇಳಿಕೆ. ಹೇಳಿಕೆಯಿಂದ ವಿಷ ಇಳಿಯುವುದಿಲ್ಲ.

ನಾನು ಹೇಳುವುದು ಇಷ್ಟೇ. ಜಗಳದಲ್ಲಿ ಇಬ್ಬರ ಮನೆಗೂ ಕಾಲಿಡಬಲ್ಲವನು ಒಬ್ಬ ಬೇಕು.

ಅದೇ 1997ರ ಮಾರ್ಚ್ 13. ಗಡಿಯ ಬಾಕೂರಾ ಅನ್ನುವ ಜಾಗ. ಶಾಲಾ ಪ್ರವಾಸಕ್ಕೆ ಬಂದಿದ್ದ ಇಸ್ರೇಲಿ ಹುಡುಗಿಯರ ಮೇಲೆ ಒಬ್ಬ ಜೋರ್ಡಾನ್ ಸೈನಿಕ ಗುಂಡು ಹಾರಿಸಿದ. ಏಳು ಮಕ್ಕಳು ಸತ್ತರು. ಇನ್ನೂ ಹದಿಮೂರು, ಹದಿನಾಲ್ಕು ವಯಸ್ಸು. ಅದಕ್ಕೆ ಕೆಲವೇ ದಿನ ಮುಂಚೆ ಜೆರುಸಲೇಂ ಬಳಿ ಹೊಸ ವಸಾಹತು ಕಟ್ಟುವ ವಿಷಯಕ್ಕೆ ಹುಸೇನ್ ನೆತನ್ಯಾಹುಗೆ ಬಹಳ ಖಾರವಾದ ಪತ್ರ ಬರೆದಿದ್ದರು. ಸಂಬಂಧ ಪೂರ್ತಿ ಹಳಸಿತ್ತು. ಆದರೂ ಮಾರ್ಚ್ 16ಕ್ಕೆ ಆ ಮಕ್ಕಳ ಊರಾದ ಬೇತ್ ಶೆಮೆಶ್‌ಗೆ ಹೋದರು. ಒಂದೊಂದೇ ಮನೆಗೆ. ಯಹೂದಿ ಪದ್ಧತಿಯಂತೆ ಸೂತಕದ ಮನೆಯವರು ನೆಲಕ್ಕೆ ಹತ್ತಿರ ಕೂತಿದ್ದರು. ರಾಜ ಅವರ ಮುಂದೆ ಮಂಡಿಯೂರಿ ಕೂತರು. ಕೈ ಹಿಡಿದರು. ನಿಮ್ಮ ಮಗು ನನ್ನ ಮಗುವೂ ಹೌದು ಅನ್ನುವಂಥ ಮಾತಾಡಿದರು.

ನಮ್ಮಲ್ಲೂ ಅಷ್ಟೇ ಅಲ್ವಾ? ಎಷ್ಟೇ ಮುನಿಸಿದ್ದರೂ ಸಾವಿನ ಮನೆಗೆ ಹೋಗದೇ ಇರಬಾರದು ಅನ್ನುತ್ತಾರೆ. ಒಂದೇ ವರ್ಷದಲ್ಲಿ ಆ ಮನುಷ್ಯ ಇಸ್ರೇಲಿ ತಾಯಂದಿರ ಮುಂದೆ ಮಂಡಿಯೂರಿದರು, ಹಮಾಸ್ ನಾಯಕನ ಪ್ರಾಣವನ್ನೂ ಉಳಿಸಿದರು. ಎರಡು ದೋಣಿಯಲ್ಲಿ ಕಾಲು ಅಂತೀರಾ? ಹೌದು, ಇಟ್ಟಿದ್ದರು! ಇಡಲೇಬೇಕಿತ್ತು!

ಮೊದಲ ಸಲ ಕೇಳುತ್ತಿರುವವರು ಚಾನೆಲ್ ಸಬ್‌ಸ್ಕ್ರೈಬ್ ಮಾಡಿ. ಕನ್ನಡದಲ್ಲಿ ಈ ವಿಷಯಗಳನ್ನು ಇಷ್ಟು ಬಿಡಿಸಿ ಹೇಳುವವರು ಕಡಿಮೆ. ನೀವು ಜೊತೆಗಿದ್ದರೆ ಇನ್ನೂ ಜಾಸ್ತಿ ಮಾಡುತ್ತೇನೆ.

ಇನ್ನೊಬ್ಬರು ಕೇಳಿದ್ದಾರೆ: "ಪ್ಯಾಲೆಸ್ಟೀನಿಯರ ಪರವಾಗಿ ಮಾತಾಡೋಕೆ ಜೋರ್ಡಾನ್ ಯಾರು?" ಒಳ್ಳೆಯ ಪ್ರಶ್ನೆ. ಇದೇ ಪ್ರಶ್ನೆಗೆ ಹುಸೇನ್ 1988ರ ಜುಲೈ 31ರಂದೇ ಉತ್ತರ ಕೊಟ್ಟರು. ಪ್ಯಾಲೆಸ್ಟೀನಿಯರು ವಾಸಿಸುವ ವೆಸ್ಟ್ ಬ್ಯಾಂಕ್ ಮೇಲಿನ ತಮ್ಮ ಹಕ್ಕನ್ನೇ ಬಿಟ್ಟುಕೊಟ್ಟರು, ಅಂದರೆ ಅವರ ಪರವಾಗಿ ಅವರೇ ಮಾತಾಡಲಿ ಅಂದ ಹಾಗೆ. ಆಮೇಲೆ 1991ರಲ್ಲಿ ಇಸ್ರೇಲ್ ಮತ್ತು ಅರಬ್ಬರ ಶಾಂತಿ ಮಾತುಕತೆಗೆ ಮ್ಯಾಡ್ರಿಡ್ ಸಮ್ಮೇಳನ. ಪ್ಯಾಲೆಸ್ಟೀನಿಯರ ವಿಮೋಚನಾ ಸಂಘಟನೆಯಾದ ಪಿಎಲ್‌ಒ ಜೊತೆ ಕೂರುವುದಿಲ್ಲ ಅಂತ ಇಸ್ರೇಲ್ ಹಟ ಹಿಡಿದಿತ್ತು. ಪ್ಯಾಲೆಸ್ಟೀನಿಯರು ಒಳಗೆ ಬಂದಿದ್ದು ಹೇಗೆ? ಜೋರ್ಡಾನ್ ನಿಯೋಗದ ಜೊತೆ ಸೇರಿಕೊಂಡು. ಜೋರ್ಡಾನ್ ತನ್ನ ಕೊಡೆ ಹಿಡಿಯಿತು.

ಡಿಸೆಂಬರ್‌ನಲ್ಲಿ ಮಾತುಕತೆ ವಾಷಿಂಗ್ಟನ್‌ಗೆ ಬಂತು. ಪ್ಯಾಲೆಸ್ಟೀನಿಯರಿಗೆ ಬೇರೆ ಕೋಣೆ ಬೇಕಾ, ಒಂದೇ ಕೋಣೆ ಸಾಕಾ ಅಂತಲೇ ಜಗಳ. ಯಾರೂ ಕೋಣೆಯೊಳಗೆ ಹೋಗಲಿಲ್ಲ. ಕಾರಿಡಾರಿನ ಒಂದು ಸೋಫಾದ ಮೇಲೇ ಮಾತುಕತೆ! ಅಲ್ಲಿ ಕೂತವರು ನಿಯೋಗಗಳ ಮುಖ್ಯಸ್ಥರು: ಪ್ಯಾಲೆಸ್ಟೀನಿಯರ ಕಡೆಯಿಂದ ಗಾಜಾದ ಹೈದರ್ ಅಬ್ದೆಲ್ ಶಾಫಿ, ಜೋರ್ಡಾನಿನ ಅಬ್ದುಲ್ ಸಲಾಂ ಮಜಾಲಿ, ಇಸ್ರೇಲಿನ ಎಲ್ಯಾಕಿಂ ರೂಬಿನ್‌ಸ್ಟೈನ್. ಇಬ್ಬರು ಡಾಕ್ಟರು, ಒಬ್ಬ ವಕೀಲ. ನನಗೆ ಈ ಚಿತ್ರ ತುಂಬಾ ಇಷ್ಟ. ಜೋರ್ಡಾನ್ ಬೇಕಿದ್ದರೆ ಕೋಣೆಯೊಳಗೆ ಹೋಗಿ ತನ್ನ ಗಡಿ, ತನ್ನ ನೀರಿನ ವಿಷಯ ಮಾತಾಡಿ ಎದ್ದು ಬರಬಹುದಿತ್ತು. ಹೋಗಲಿಲ್ಲ. ಪ್ಯಾಲೆಸ್ಟೀನಿಯರಿಗೆ ಅವರದೇ ಜಾಗ ಸಿಗಲಿ ಅಂತ ಅವರ ಜೊತೆಯೇ ಕಾರಿಡಾರಿನಲ್ಲಿ ಕೂತಿತು.

"1970 ಮರೆತಿರಾ?" ಅಂತ ಈಗಾಗಲೇ ಟೈಪ್ ಮಾಡುತ್ತಿದ್ದೀರಿ, ಗೊತ್ತು. ಮರೆತಿಲ್ಲ. ಹುಸೇನ್ ಸೈನ್ಯಕ್ಕೂ ಪಿಎಲ್‌ಒ ಹೋರಾಟಗಾರರಿಗೂ ಯುದ್ಧವೇ ಆಯಿತು, ರಕ್ತ ಹರಿಯಿತು. ಆದರೆ ಅದೇ ಪಿಎಲ್‌ಒ ನಾಯಕ ಅರಾಫತ್ ಆಮೇಲೆ ಅದೇ ಹುಸೇನ್ ಜೊತೆ ಕೂತು ಮಾತಾಡಲಿಲ್ಲವಾ? 1985ರಲ್ಲಿ ಇಬ್ಬರೂ ಸೇರಿ ಒಪ್ಪಂದ ಮಾಡಿಕೊಳ್ಳಲಿಲ್ಲವಾ? ಏಟು ತಿಂದವರೇ ಬಂದು ಮಾತಾಡಿದ ಮೇಲೆ, ಇಲ್ಲಿ ಕೂತು ನಿಮಗ್ಯಾಕೆ ಹಟ?

"ಇಷ್ಟೆಲ್ಲ ಮಾಡಿ ಶಾಂತಿ ಬಂತಾ?" ಬರಲಿಲ್ಲ. ಹೊಡೆದಾಡುವವರು ಹೊಡೆದಾಡಿದರೆ, ಬಿಡಿಸೋಕೆ ಹೋದವನನ್ನು ಬೈಯ್ಯುವುದಾ? ಇದ್ಯಾವ ನ್ಯಾಯ?

1998ರ ಅಕ್ಟೋಬರ್ ನೆನಪಿಸಿಕೊಳ್ಳಿ. ಅಮೆರಿಕದ ವೈ ರಿವರ್‌ನಲ್ಲಿ ನೆತನ್ಯಾಹು, ಅರಾಫತ್ ಮಾತುಕತೆ ಮುರಿದುಬೀಳುವ ಹಂತದಲ್ಲಿತ್ತು. ಹುಸೇನ್ ಕ್ಯಾನ್ಸರ್ ಚಿಕಿತ್ಸೆಗೆ ಅಮೆರಿಕದ್ದೇ ಮೇಯೋ ಕ್ಲಿನಿಕ್ ಆಸ್ಪತ್ರೆಯಲ್ಲಿದ್ದರು. ಅಲ್ಲಿಂದ ಎದ್ದು ಬಂದರು. ತಲೆಗೂದಲು ಇಲ್ಲ, ಮೈ ಸೊರಗಿಹೋಗಿದೆ. ಇಬ್ಬರನ್ನೂ ಕೂರಿಸಿಕೊಂಡು ನಿಮ್ಮ ಮಕ್ಕಳ ಮುಖ ನೋಡಿ ಮುಗಿಸಿ ಅಂದರು. ಅಕ್ಟೋಬರ್ 23ಕ್ಕೆ ಸಹಿ ಆಯಿತು. 1999ರ ಫೆಬ್ರುವರಿ 7ಕ್ಕೆ ಅವರೇ ಇಲ್ಲ.

ಆ ದೇಹಸ್ಥಿತಿಯಲ್ಲಿ ಬಂದವರನ್ನು ಉಪಯೋಗವಿಲ್ಲದವರು ಅನ್ನೋಕೆ ಮನಸ್ಸಾದರೂ ಹೇಗೆ ಬರುತ್ತೆ? ಅವರ ಮಗ, ಈಗಿನ ದೊರೆ ಅಬ್ದುಲ್ಲಾ 2025ರ ಫೆಬ್ರುವರಿಯಲ್ಲಿ ಟ್ರಂಪ್ ಪಕ್ಕದಲ್ಲೇ ಕೂತು ಬಂದು, ಗಾಜಾದ ಜನರನ್ನು ಅವರ ನೆಲದಿಂದ ಎಬ್ಬಿಸುವುದಕ್ಕೆ ನಾವು ಒಪ್ಪುವುದಿಲ್ಲ ಅಂದರು. ಬಾಗಿಲು ತೆರೆದಿಟ್ಟುಕೊಂಡವರಿಗೆ ಮಾತ್ರ ಅಲ್ಲಿಗೆ ಹೋಗಿ ಬೇಡ ಅನ್ನೋಕೆ ಆಗುತ್ತೆ. ಬೇರೆಯವರು ಬೀದಿಯಲ್ಲಿ ನಿಂತು ಕೂಗಬೇಕು, ಅಷ್ಟೇ. ಇಬ್ಬರ ಮನೆಗೂ ಕಾಲಿಡುವವನು ಬೇಕು! ಬೇಕೇ ಬೇಕು! ಎಷ್ಟು ಸಲ ಹೇಳಲಿ?

ಕಾಮೆಂಟ್ ಹಾಕಿದವರೇ, ನಿಮ್ಮ ಮೇಲೆ ಕೋಪ ಇಲ್ಲ. ಒಂದಕ್ಕೆ ಮಾತ್ರ ಉತ್ತರ ಬರೆಯಿರಿ. ಆ ಒಪ್ಪಂದ ಇಲ್ಲದೇ ಇದ್ದಿದ್ದರೆ, 1997ರಲ್ಲಿ ಆ ಮದ್ದನ್ನು ಅಮ್ಮಾನಿಗೆ ಯಾರು ತರಿಸುತ್ತಿದ್ದರು? ಹೆಸರು ಹೇಳಿ. ಮುಂದಿನ ವಾರ ಈಜಿಪ್ಟ್ ವಿಷಯಕ್ಕೆ ಬರುತ್ತೇನೆ, ಅಷ್ಟರೊಳಗೆ ಬರೆಯಿರಿ. ನಾನೇ ಓದಿ ಹೇಳುತ್ತೇನೆ.