ಅಳೋಕೂ ಜಾಗ ಬೇಡವೇನ್ರಿ?

ನಮಸ್ಕಾರ, ಎಲ್ಲರಿಗೂ ಸ್ವಾಗತ. ಇವತ್ತು ಬೇರೆ ವಿಷಯ ಮಾತಾಡೋಣ ಅಂತಿದ್ದೆ. ಆದರೆ ಹೋದ ವಾರದ ಎಪಿಸೋಡ್ ಕೆಳಗೆ ಒಬ್ಬ ಮಹಾಶಯರು ಕಾಮೆಂಟ್ ಹಾಕಿದ್ದಾರೆ: "ಜೈಲಲ್ಲಿ ಹೆಂಗಸರಿಗೇನು ಕಷ್ಟ? ಹೊತ್ತು ಹೊತ್ತಿಗೆ ಊಟ. ಬೇಜಾರಾದರೆ ಒಂದಿಷ್ಟು ಅಳೋದು." ಜೊತೆಗೆ ನಗುವ ಇಮೋಜಿ ಬೇರೆ.

ಸ್ವಾಮಿ, ಊಟ ಸಿಗುತ್ತದೆ, ಒಪ್ಪಿದೆ. ಅಳೋಕೆ ಜಾಗ ಸಿಗುವುದಿಲ್ಲ. ಇವತ್ತು ನಾನು ಹೇಳುವುದು ಇದೊಂದೇ.

ಭೇಟಿಯ ದಿನ ಅಂದುಕೊಳ್ಳಿ. ಅಜ್ಜಿಯ ಕೈ ಹಿಡಿದು ಮಗು ಬಂದಿದೆ. ತಾಯಿ ಅಷ್ಟೂ ಹೊತ್ತು ನಗುತ್ತಲೇ ಇರುತ್ತಾಳೆ. ಅತ್ತರೆ ಮಗು ಅದನ್ನೇ ನೆನಪಿಟ್ಟುಕೊಂಡು ಮನೆಗೆ ಹೋಗುತ್ತದಲ್ಲ. ಟೈಮ್ ಆಯಿತು, ಮಗು ಬಾಗಿಲು ದಾಟಿತು. ಈಗಲಾದರೂ ಅಳಬಹುದಾ? ಇಲ್ಲ. ಈಗ ತಪಾಸಣೆ. ಎಷ್ಟೋ ಜೈಲುಗಳಲ್ಲಿ ಭೇಟಿ ಮುಗಿದ ಕೂಡಲೇ ಬಟ್ಟೆ ಬಿಚ್ಚಿಸಿ ನೋಡುತ್ತಾರೆ. ಅದಾದ ಮೇಲೆ ತಲೆ ಎಣಿಕೆ. ಸಾಲಲ್ಲಿ ನಿಲ್ಲಬೇಕು, ಕರೆದಾಗ ಓ ಅನ್ನಬೇಕು. ಗಂಟಲಿಗೆ ಬಂದಿದ್ದ ಅಳು ಅಷ್ಟರಲ್ಲಿ ವಾಪಸ್ ಹೊಟ್ಟೆ ಸೇರಿರುತ್ತದೆ.

ರಾತ್ರಿ ಅಳಲಿ ಅಂತೀರಾ? ಒಬ್ಬಳು ಶುರು ಮಾಡಿದರೆ ಇಡೀ ಬ್ಯಾರಕ್ ಶುರು. "ಸಾಕು ಮಲಗೇ, ನನಗೂ ಮಕ್ಕಳಿದ್ದಾರೆ" ಅನ್ನುತ್ತಾಳೆ ಪಕ್ಕದವಳು. ಉಳಿದದ್ದು ಬಚ್ಚಲು. ನಲ್ಲಿ ಜೋರಾಗಿ ಬಿಟ್ಟು ಅದರ ಸದ್ದಿನಲ್ಲಿ ಅಳಬೇಕು. ಅಷ್ಟರಲ್ಲಿ ಹೊರಗೆ ಕಾಯುತ್ತಿರುವವರು ಬಾಗಿಲು ಬಡಿಯುತ್ತಾರೆ.

"ಡಾಕ್ಟರ್ ಹತ್ತಿರ ಹೇಳಿಕೊಳ್ಳಲಿ." ಹೌದೌದು, ಹೇಳಿಕೊಳ್ಳಲಿ! ಜೀವ ಬೇಡ ಅನ್ನಿಸುತ್ತಿದೆ ಅಂತ ಬಾಯಿಬಿಟ್ಟರೆ ಕೆಲವು ದೇಶಗಳಲ್ಲಿ ಏನು ಮಾಡುತ್ತಾರೆ ಗೊತ್ತಾ? ಮೈಮೇಲಿನ ಬಟ್ಟೆ ತೆಗೆಸಿ, ಹರಿಯಲಾಗದ ದಪ್ಪ ನಿಲುವಂಗಿ ಹಾಕಿಸಿ, ಬರೀ ಕೋಣೆಯಲ್ಲಿ ಕೂರಿಸುತ್ತಾರೆ. ರಾತ್ರಿಯಿಡೀ ಲೈಟು. ಆಗಾಗ ಕಿಂಡಿಯಲ್ಲಿ ಒಂದು ಕಣ್ಣು. ಒಮ್ಮೆ ಇದನ್ನು ಕಂಡವಳು ಮುಂದಿನ ಸಲ "ಚೆನ್ನಾಗಿದ್ದೀನಿ ಮೇಡಂ" ಅನ್ನುತ್ತಾಳೆ. ಫೈಲಲ್ಲಿ "ಹೊಂದಿಕೊಂಡಿದ್ದಾಳೆ" ಅಂತ ಬರೆದು ಸಹಿ ಹಾಕುತ್ತಾರೆ.

ಅಂದ ಹಾಗೆ, ಹಿಂದೆ ಕಟಕಟ ಅನ್ನುತ್ತಿರುವುದು ನನ್ನ ಫ್ಯಾನು. ಚಾನೆಲ್ ಮೆಂಬರ್‌ಶಿಪ್ ತಗೊಂಡರೆ ಹೊಸ ಫ್ಯಾನ್ ಬರುತ್ತದೆ. ಸುಮ್ನೆ ಹೇಳಿದೆ.

ಜಗತ್ತಿನಲ್ಲಿ 7 ಲಕ್ಷಕ್ಕೂ ಜಾಸ್ತಿ ಹೆಂಗಸರು ಜೈಲಲ್ಲಿದ್ದಾರೆ. ನೂರು ಕೈದಿಗಳಲ್ಲಿ ಸುಮಾರು 7 ಮಂದಿ. ಸಂಖ್ಯೆ ಕಡಿಮೆ ಅಂತ ಅವರಿಗೆ ಜೈಲುಗಳೂ ಕಡಿಮೆ. ಹಾಗಾಗಿ ಮನೆಯಿಂದ ಎಷ್ಟೋ ದೂರ ಒಯ್ದು ಇಡುತ್ತಾರೆ. ಗಂಡ ಒಳಗಿದ್ದರೆ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಭೇಟಿಯ ಸಾಲಲ್ಲಿ ನಿಲ್ಲುತ್ತಾಳೆ. ಹೆಂಡತಿ ಒಳಗಿದ್ದರೆ ಆ ಸಾಲಲ್ಲಿ ಎಷ್ಟು ಗಂಡಂದಿರು ಕಾಣುತ್ತಾರೆ, ನೀವೇ ಹೇಳಿ.

ಇನ್ನು ಎಳೆಗೂಸಿನ ತಾಯಂದಿರು. ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ 18 ತಿಂಗಳವರೆಗೆ, ಭಾರತದಲ್ಲಿ 6 ವರ್ಷದವರೆಗೆ ಮಗು ಜೊತೆಗಿರಬಹುದು. ಆದರೆ ಎಲ್ಲ ತಾಯಂದಿರಿಗೂ ಆ ಅವಕಾಶ ಇಲ್ಲ. ಮಗುವನ್ನು ಕಳಿಸಿದ ಮಾತ್ರಕ್ಕೆ ಎದೆಹಾಲು ನಿಲ್ಲುತ್ತದಾ? ಎಣಿಕೆಯ ಸಾಲಲ್ಲಿ ನಿಂತವಳ ಅಂಗಿ ಎದೆಯ ಹತ್ತಿರ ಒದ್ದೆಯಾಗಿರುತ್ತದೆ. ಕೈ ಅಡ್ಡ ಇಟ್ಟುಕೊಂಡರೆ "ಕೈ ಕೆಳಗಿಳಿಸು" ಅನ್ನುತ್ತಾರೆ. ಅಲ್ಲೂ ಅಳುವ ಹಾಗಿಲ್ಲ!

2010ರಲ್ಲಿ ವಿಶ್ವಸಂಸ್ಥೆ ಬ್ಯಾಂಕಾಕ್ ನಿಯಮಗಳು ಅಂತ ಮಾಡಿತು. ಒಟ್ಟು 70. ಹೆರಿಗೆ ಹೊತ್ತಲ್ಲಿ ಕೋಳ ತೊಡಿಸಬೇಡಿ, ಹಾಲೂಡಿಸುವವಳನ್ನು ಒಂಟಿ ಕೋಣೆಗೆ ತಳ್ಳಬೇಡಿ, ಬಟ್ಟೆ ಬಿಚ್ಚಿಸುವ ಬದಲು ಸ್ಕ್ಯಾನರ್ ಇಡಿ ಅಂತೆಲ್ಲ ಇದೆ. ಇದನ್ನೂ ಬರೆದು ಹೇಳಬೇಕಾಯಿತು ನೋಡಿ. 71ನೆಯದನ್ನು ನಾನು ಸೇರಿಸುತ್ತೇನೆ: ಬಾಗಿಲು ಹಾಕಿಕೊಂಡು ಅಳೋಕೆ ಒಂದು ಕೋಣೆ ಕೊಡಿ.

"ತಪ್ಪು ಮಾಡಿ ಹೋದವರಲ್ವಾ?" ಒಳಗಿರುವವರಲ್ಲಿ ಎಷ್ಟೋ ಜನರ ಕೇಸು ಇನ್ನೂ ಮುಗಿದೇ ಇಲ್ಲ. ಮುಗಿದವರಿಗೂ "ಅಳಕೂಡದು" ಅಂತ ಯಾವ ಜಡ್ಜ್ ತೀರ್ಪು ಬರೆದಿದ್ದಾರೆ? "ಗಂಡಸರು ಅಳಲ್ವಾ?" ಅವರಿಗೂ ಕೊಡಿ ಮಾರಾಯ್ರೆ, ಯಾರು ಬೇಡ ಅಂದರು? "ಹಾಗಾದರೆ ಏಸಿ ಹಾಕಿಸೋಣವಾ?" ಹಾಕಿಸಿ. ಅದರ ಸದ್ದಲ್ಲಾದರೂ ಅಳಲಿ!

ಬಿಡುಗಡೆ ಮಾಡಬೇಕಾ ಬೇಡವಾ ಅಂತ ನೋಡುವಾಗ ಅತ್ತರೆ ನಾಟಕ. ಅಳದಿದ್ದರೆ ಪಶ್ಚಾತ್ತಾಪವೇ ಇಲ್ಲ. ಎಷ್ಟು ಹನಿ ಬೇಕು ನಿಮಗೆ? ಅಳತೆ ಹೇಳಿಬಿಡಿ! ಒಂದು ಕೋಣೆ ರೀ, ಒಂದು ಚಿಲಕ. ಅಷ್ಟೇ ಕೇಳುತ್ತಿರುವುದು. ಯಾಕಾಗಲ್ಲ? ಯಾಕಾಗಲ್ಲ ಅಂತ ಕೇಳುತ್ತಿದ್ದೇನೆ!

ಸ್ಕ್ರಿಪ್ಟ್ ಯಾವಾಗಲೋ ಮುಗಿದಿದೆ, ಸಿಟ್ಟಲ್ಲಿ ಮಾತಾಡುತ್ತಲೇ ಇದ್ದೇನೆ. ಮುಂದಿನ ವಾರ, ಜಾಮೀನು ಸಿಕ್ಕರೂ ಶ್ಯೂರಿಟಿ ಕೊಡುವವರಿಲ್ಲದೆ ಒಳಗೇ ಉಳಿದವರ ಬಗ್ಗೆ. ಸಬ್‌ಸ್ಕ್ರೈಬ್ ಮಾಡಿ, ಬೆಲ್ ಒತ್ತಿ. ಬರ್ತೀನಿ.