ಟರ್ನ್ ಎ ಬ್ಲೈಂಡ್ ಐ ಅಂದ್ರೆ ಜಾಣ ಕುರುಡು

ಎಲ್ಲರಿಗೂ ನಮಸ್ಕಾರ. ಇಂಗ್ಲಿಷ್ ಪರೀಕ್ಷೆಗೆ ಓದ್ಕೊಳ್ತಿರೋ ಮಕ್ಕಳು ರೇಡಿಯೋ ಪಕ್ಕ ಕೂತಿದೀರ ಅಂದ್ಕೊಂಡೇ ಮಾತಾಡ್ತೀನಿ. ಇವತ್ತು ಒಂದೇ ಇಡಿಯಮ್ಮು, ಟರ್ನ್ ಎ ಬ್ಲೈಂಡ್ ಐ. ಇದಕ್ಕೆ ನಮ್ಮಲ್ಲಿ ರೆಡಿಯಾಗೇ ಒಂದು ಮಾತಿದೆ, ಜಾಣ ಕುರುಡು. ಕಂಡಿರತ್ತೆ, ಗೊತ್ತಿರತ್ತೆ, ಆದ್ರೂ ಕಾಣದವರ ಹಾಗೆ ಇದ್ದುಬಿಡೋದು.

ಪೇಪರ್ ತಿದ್ದುವಾಗ ನೋಡ್ತೀನಿ, ಬಸ್ ಬಂದಿದ್ದು ಗಮನಿಸ್ಲಿಲ್ಲ ಅನ್ನೋದಕ್ಕೂ ಇದನ್ನೇ ಬರೆದಿರ್ತಾರೆ. ಅಲ್ರಪ್ಪಾ, ಗಮನಿಸದೇ ಇದ್ರೆ ಅದು ಬ್ಲೈಂಡ್ ಐ ಹೇಗಾಗತ್ತೆ? ಕಂಡಿರ್ಬೇಕು!

ಈ ಮಾತು ಅಂದ್ರೆ ಇಂಗ್ಲಿಷರಿಗೆ ನೆನಪಾಗೋದು ನೆಲ್ಸನ್. ನೌಕಾಪಡೆಯವನು, 1794ರಲ್ಲಿ ಕಾರ್ಸಿಕಾ ದ್ವೀಪದ ಕಾಲ್ವಿಯಲ್ಲಿ ಯುದ್ಧ ಮಾಡುವಾಗ ಗುಂಡು ಬಿದ್ದು ಸಿಡಿದ ಕಲ್ಲುಮಣ್ಣು ಹೊಡೆದು ಬಲಗಣ್ಣಿನ ದೃಷ್ಟಿ ಹೋಯ್ತು. ಆಮೇಲೆ 1801, ಏಪ್ರಿಲ್ 2, ಕೋಪನ್‌ಹೇಗನ್. ಎದುರಿಗೆ ಡೇನಿಷರ ಫಿರಂಗಿಗಳು, ಇವನ ಕಡೆ ಮೂರು ಹಡಗು ಮರಳುದಿಬ್ಬಕ್ಕೆ ಸಿಕ್ಕಾಕೊಂಡು ಕೂತಿವೆ, ದೂರದಲ್ಲಿದ್ದ ಮೇಲಧಿಕಾರಿ ಪಾರ್ಕರ್ ಬಾವುಟದಲ್ಲಿ 39ನೇ ನಂಬರ್ ಸಿಗ್ನಲ್ ಹಾರಿಸಿದ. ಅಂದ್ರೆ ಯುದ್ಧ ನಿಲ್ಸಿ ಅಂತ. ಈಗ ಕೇಳಿ, ಸಿಗ್ನಲ್ ಬಂದಿದೆ ಅಂತ ಲೆಫ್ಟಿನೆಂಟ್ ಬಂದು ಹೇಳಿದ, ನೆಲ್ಸನ್ ಕೇಳಿಸ್ಕೊಂಡ, ನಮ್ಮ 16ನೇ ನಂಬರ್ ಇನ್ನೂ ಮೇಲಿದೆಯಾ, ಹಾಗೇ ಇರ್ಲಿ ಅಂದ. 16 ಅಂದ್ರೆ ಹತ್ರ ಹೋಗಿ ಹೊಡೀರಿ! ಆಮೇಲೆ ಕ್ಯಾಪ್ಟನ್ ಫೋಲಿ ಕಡೆ ತಿರುಗಿ, ನಂಗಿರೋದು ಒಂದೇ ಕಣ್ಣು, ಒಂದೊಂದ್ಸಲ ಕುರುಡನಾಗೋ ಹಕ್ಕು ನಂಗಿದೆ ಅಂತ ಹೇಳಿ ದುರ್ಬೀನನ್ನ ಆ ಕಾಣದ ಕಣ್ಣಿಗೇ ಇಟ್ಕೊಂಡು, ಸಿಗ್ನಲ್ ಕಾಣ್ತಾನೇ ಇಲ್ಲ ಅಂದ್ನಂತೆ. ಎಷ್ಟು ಸಲ ಹೇಳಿದ್ರೂ ನಂಗೆ ಬೇಜಾರಾಗದ ಕಥೆ ಇದು. ಅವನಿಗೆ ಗೊತ್ತಿತ್ತು, ನೋಡಿ. ಗೊತ್ತಿದ್ದಿದ್ರಿಂದ್ಲೇ ಕುರುಡು ಕಣ್ಣು ಬೇಕಾಯ್ತು. ಆ ಯುದ್ಧ ಗೆದ್ದ, ಪಾರ್ಕರನ್ನ ವಾಪಸ್ ಕರೆಸ್ಕೊಂಡು ನೆಲ್ಸನ್‌ಗೇ ಆ ಪಡೆ ಕೊಟ್ರು.

ಈಗ ಹೆಚ್ಚಾಗಿ ಇದನ್ನ ಬಳಸೋದು ತಪ್ಪನ್ನ ನೋಡಿ ಸುಮ್ನಿರೋದಕ್ಕೆ. ಪರೀಕ್ಷೆ ಹಾಲಲ್ಲಿ ಹುಡುಗ ಅಂಗಿ ತೋಳಿಂದ ಚೀಟಿ ಎಳೀತಾನೆ, ಮೇಷ್ಟ್ರು ನೋಡ್ತಾರೆ, ನೋಡಿ ಕಿಟಕಿ ಕಡೆ ತಿರುಗ್ತಾರೆ. ಅದು ಬ್ಲೈಂಡ್ ಐ. ಚೀಟಿ ಮೇಷ್ಟ್ರ ಕಣ್ಣಿಗೆ ಬೀಳಲೇ ಇಲ್ಲ ಅಂದ್ರೆ ಅಲ್ಲ.

ಟೈಮ್ ಕಮ್ಮಿ ಇದೆ, ಬೇಗ ಹೇಳ್ಬಿಡ್ತೀನಿ. ಐಸ್ ಅಂತ ಬರೀಬೇಡಿ, ಒಂದೇ ಕಣ್ಣು. ಮುಂದೆ ಬರೋದು ಟು, ಆನ್ ಅಲ್ಲ. ಮೇಷ್ಟ್ರ ವಿಷಯ ಬರೆಯೋದಾದ್ರೆ, ದ ಟೀಚರ್ ಟರ್ನ್ಡ್ ಎ ಬ್ಲೈಂಡ್ ಐ ಟು ದ ಕಾಪೀಯಿಂಗ್. ಟರ್ನ್ ಎ ಡೆಫ್ ಇಯರ್ ಅಂತಾನೂ ಇದೆ, ಅದು ಜಾಣ ಕಿವುಡು, ಅಲ್ಲೂ ಕೇಳಿಸಿರತ್ತೆ. ನಮಸ್ಕಾರ.